ದನಿ ಹೋದ ಮೇಲೆ ನಡೆದ ಸಂದರ್ಶನ

ಪಕ್ಕದ ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ತರಿಸಿದ ಬೇಸಿಗೆ ಅದು, 2016. ನಮ್ಮ ಭಾಲ್ಕಿಯಲ್ಲೂ ಯಾರ ಬಾಯಲ್ಲಿ ನೋಡಿದರೂ ನೀರಿನದೇ ಮಾತು. ಆದರೆ ಆ ಬೇಸಿಗೆಯನ್ನು ನೆನೆದಾಗ ನನಗೆ ಬಾಯಾರಿಕೆಗಿಂತ ಮೊದಲು ನೆನಪಾಗುವುದು ಎದೆಯ ಡವಡವ. ನನ್ನ ಬದುಕು ಒಂದೇ ಮಧ್ಯಾಹ್ನದಲ್ಲಿ ಹೊರಳಿಕೊಂಡದ್ದು ಆಗಲೇ.

ನಮ್ಮಪ್ಪನದು ಭಾಲ್ಕಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್ ಮೋಟಾರಿನಿಂದ ಹಳೆಯ ತಾಮ್ರದ ತಂತಿ ಕಿತ್ತು ತೆಗೆದು, ಹೊಸ ತಂತಿ ಸುತ್ತಿ ಕೂರಿಸುವ ಕೆಲಸ; ಮೋಟಾರ್ ಕಟ್ಟುವುದು ಎನ್ನುತ್ತೇವೆ ನಾವು. ನಾನು ದಿನವೂ ಸಾಲಿ ಬಿಟ್ಟ ಮೇಲೆ ಅಂಗಡಿಗೇ ಬಂದು ಕೂರುತ್ತಿದ್ದೆ. ಅಪ್ಪ ಕಲಿಸಿದ್ದೇನೂ ಇಲ್ಲ, ನೋಡುತ್ತ ನೋಡುತ್ತ ಬಂತು. ನನ್ನ ಬೆರಳು ಸಣ್ಣವು, ಮೋಟಾರಿನ ಇಕ್ಕಟ್ಟು ಸಂದುಗಳಿಗೆ ಸಲೀಸಾಗಿ ಇಳಿಯುತ್ತಿದ್ದವು. ಬಿ.ಎ. ಮುಗಿಯುವ ಹೊತ್ತಿಗೆ ಅಂಗಡಿಯ ಅರ್ಧ ಕೆಲಸ ನಾನೇ ಮಾಡುತ್ತಿದ್ದೆ.

ಹೇಳಿಕೊಳ್ಳಲು ಸಂಕೋಚವಾಗುವ ಮಾತೆಂದರೆ, ಬರದ ಮೊದಲ ವರ್ಷ ನಮಗೆ ಕೈತುಂಬ ಕೆಲಸ. ಬಾವಿ, ಬೋರುಗಳಲ್ಲಿ ನೀರು ಕೆಳಗಿಳಿದಿತ್ತು. ನೀರಿಲ್ಲದೆ ಓಡಿದ ಮೋಟಾರುಗಳು ಸುಟ್ಟು, ಭಾತಂಬ್ರಾದಿಂದಲೂ ಅದರಾಚೆಯ ಊರುಗಳಿಂದಲೂ ಟಂಟಂ ಗಾಡಿಯಲ್ಲಿ ಬರುತ್ತಿದ್ದವು. ಮರುವರ್ಷ ನೀರು ಪೂರಾ ಹೋಯಿತು. ಮೋಟಾರ್ ಓಡಿದರಲ್ಲವೇ ಸುಡುವುದು? ಅಂಗಡಿಗೆ ಬರುವವರೇ ಇಲ್ಲವಾದರು. ಬರುತ್ತಿದ್ದ ರೈತರಲ್ಲಿ ಕೆಲವರು ಹೈದರಾಬಾದಿಗೆ, ಕೆಲವರು ಪುಣೆಗೆ ದುಡಿಯಲು ಹೋದರು. ಒಂದು ದಿನ ಊಟಕ್ಕೆ ಕುಳಿತಾಗ ಅಪ್ಪನೂ ಅದೇ ಮಾತು ತೆಗೆದರು.

"ಪುಣೆದಾಗ ಒಂದು ಫ್ಯಾಕ್ಟರಿಗಿ ವಾಚ್‌ಮನ್ ಬೇಕಾಗ್ಯಾನಂತ. ಹೋಗ್ತೇನಿ. ಅಂಗಡಿ ಬಂದ್ ಮಾಡಾಮು."

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಇಡೀ ತಾಲೂಕಿನ ಮೋಟಾರುಗಳ ನಾಡಿ ಬಲ್ಲ ಮನುಷ್ಯ ಲಾಠಿ ಹಿಡಿದು ಗೇಟಿನ ಮುಂದೆ ಕೂರುವುದನ್ನು ನೆನೆಸಿಕೊಂಡು ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. "ಮಿರಗದ ತನಕ ತಡೀರಿ ಅಪ್ಪಾ, ನಾ ಏನಾರ ನೋಡ್ತೇನಿ" ಎಂದೆ. ಮಿರಗ ಎಂದರೆ ಮೊದಲ ಮಳೆ. ಏನು ನೋಡುತ್ತೇನೆ ಎಂಬುದು ನನಗೂ ಗೊತ್ತಿರಲಿಲ್ಲ.

ನನ್ನ ಜೊತೆ ಕಾಲೇಜು ಕಲಿತ ಮಂಗಲಾ ಔರಾದ ತಾಲೂಕಿನ ಡಾಬಕಾದವಳು. ಅವಳ ಗಂಡ ಪೋಲೆಂಡ್ ದೇಶದಲ್ಲಿ ಒಂದು ಗೋದಾಮಿನಲ್ಲಿ ಕೆಲಸಕ್ಕಿದ್ದರು, ಅವಳೂ ಅಲ್ಲಿಗೆ ಹೋಗಿದ್ದಳು. ಅವಳ ಒತ್ತಾಯಕ್ಕೆ ನಾನು ಪಾಸ್‌ಪೋರ್ಟ್ ಮಾಡಿಸಿ ಇಟ್ಟುಕೊಂಡಿದ್ದೆ. ಅವಳು ಹೇಳಿದ ಕಡೆಗೆಲ್ಲ ಬಯೋಡೇಟಾ ಕಳಿಸಿದೆ. ಹೋಟೆಲು, ಹಣ್ಣಿನ ತೋಟ, ಬಿಸ್ಕತ್ತಿನ ಕಾರ್ಖಾನೆ. ಯಾರಿಂದಲೂ ಉತ್ತರವಿಲ್ಲ. ಒಬ್ಬರು ಮಾತ್ರ ಒಂದೇ ಸಾಲು ಬರೆದರು: ನಿಮಗೆ ಪೋಲಿಷ್ ಬರುವುದಿಲ್ಲ, ಕ್ಷಮಿಸಿ. ಹಾಗಾದರೆ ಅಡ್ಡಿಯಿರುವುದು ಭಾಷೆಯೇ, ಅದಕ್ಕೆ ನಾನೇನು ಮಾಡಲು ಸಾಧ್ಯ ಎಂದು ಕೈಚೆಲ್ಲಿದ್ದೆ.

ಅಷ್ಟರಲ್ಲಿ ಮಂಗಲಾ ಫೋನು ಮಾಡಿದಳು. "ಏ ಸುಜಾತಾ, ಇಲ್ಲಿ ಮೋಟಾರ್ ಮಾಡೋ ಫ್ಯಾಕ್ಟರಿ ಒಂದು ಅದ. ಹೆಣ್ಮಕ್ಕಳನ್ನ ತಗೊಳ್ಳಾಕತ್ತಾರ. ಬಯೋಡೇಟಾ ಚಂದ ಮಾಡಿ ಕಳ್ಸು. ಮತ್ತ ಅದೇ ಹಳೀದು ಕಳ್ಸಬ್ಯಾಡ."

ಚಂದ ಮಾಡುವುದೆಂದರೆ ನನಗೆ ಗೊತ್ತಿದ್ದದ್ದು ಬಣ್ಣದ ಅಂಚು ಹಾಕಿಸಿ, ದಪ್ಪ ಕಾಗದದಲ್ಲಿ ಪ್ರಿಂಟ್ ತೆಗೆಸಿ, ಸ್ಕ್ಯಾನ್ ಮಾಡಿಸುವುದು. ಅದಕ್ಕೆಂದೇ ಬೀದರಿನ ಬಸ್ಸು ಹತ್ತಿದೆ. ಬೀದರಿನ ಅಂಚಿನ ನೌಬಾದದಲ್ಲಿ ಇಳಿದು ನೋಡಿದರೆ ರಸ್ತೆಯ ಪಕ್ಕದಲ್ಲೇ ಒಂದು ಕಂಪ್ಯೂಟರ್, ಝೆರಾಕ್ಸ್ ಅಂಗಡಿ. ಒಳಗೆ ಬುರ್ಖಾ ತೊಟ್ಟ ಐವತ್ತರ ಆಸುಪಾಸಿನ ಒಬ್ಬ ಹೆಂಗಸು, ಮೂಗಿನ ತುದಿಗೆ ಕನ್ನಡಕ. ಎಲ್ಲರೂ ಅವರನ್ನು ರೆಹಾನಾ ಆಪಾ, ಅಂದರೆ ರೆಹಾನಾ ಅಕ್ಕ, ಎನ್ನುತ್ತಿದ್ದರು.

ನಾನು ಪೆನ್‌ಡ್ರೈವ್ ಕೊಟ್ಟೆ. ಅವರು ಪರದೆಯ ಮೇಲೆ ತೆರೆದು ಓದಿದರು, ಓದುತ್ತಾ ಹುಬ್ಬೇರಿಸಿದರು.

"ತಂಗಿ, ಇದು ಕೆಲಸಕ್ಕ ಕಳ್ಸೋದಾ, ಮದಿವಿಗಿ ಕಳ್ಸೋದಾ?"

"ಕೆಲಸಕ್ಕರಿ. ಪರದೇಶಕ್ಕ."

"ಹಂಗಾದ್ರ ನಿನ್ನ ಎತ್ತರ ಯಾಕ ಬರ್ದಿ? ಧರ್ಮ, ಜಾತಿ, ನಿಮ್ಮಪ್ಪನ ಹೆಸರು, ಅವರ ಉದ್ಯೋಗ, ಮದಿವಿ ಆಗಿಲ್ಲ ಅಂತ ಬ್ಯಾರೆ. ಅರ್ಧ ಹಾಳಿ ಇದೇ ತುಂಬ್ಯಾದ."

ಹೊರಗೆ ಕುಳಿತಿದ್ದ ಒಬ್ಬರು ನಕ್ಕರು. ನನಗೆ ನಾಚಿಕೆಯಾಯಿತು. ಎಲ್ಲರೂ ಹಾಗೇ ಬರೆಯುತ್ತಾರಲ್ಲರಿ ಎಂದೆ. ಅದಕ್ಕೆ ಅವರು ಕುರ್ಚಿ ತಿರುಗಿಸಿ ನನ್ನನ್ನು ಎದುರಿಗೆ ಕೂರಿಸಿಕೊಂಡರು. ಖತಾರ್ ದೇಶದಲ್ಲಿ ಕಟ್ಟಡ ಕಟ್ಟುವ ಒಂದು ಕಂಪನಿಯ ಕಚೇರಿಯಲ್ಲಿ ಬಹಳ ವರ್ಷ ಕೆಲಸ ಮಾಡಿ, ಗಂಡನ ಜೊತೆ ಊರಿಗೆ ಮರಳಿದವರು ಅವರು.

"ದಿನಾ ಬಂದ ಬಯೋಡೇಟಾ ತೆಗೆದು ಸಾಹೇಬರ ಟೇಬಲ್ ಮ್ಯಾಲ ಇಡೋದು ನನ್ನ ಕೆಲಸ ಇತ್ತು. ಬಿಸಿ ಚಾಕ್ಕ ಊದಿ ಒಂದು ಗುಟುಕು ಕುಡ್ಯೋದ್ರಾಗ ಅವರು ಒಂದು ನೋಡಿ ಮುಗಿಸ್ತಿದ್ರು. ಅಷ್ಟರಾಗ ನೀ ಏನ್ ಕೆಲಸ ಬಲ್ಲಿ ಅಂತ ಅವರ ಕಣ್ಣಿಗಿ ಬೀಳಬೇಕು, ಬೇಟಾ. ಹೇಳು, ನಿನಗ ಏನ್ ಬರ್ತದ?"

"ಬಿ.ಎ. ಆಗ್ಯಾದರಿ. ಕಂಪ್ಯೂಟರ್ ಬರ್ತದರಿ. ಒಂದು ವರ್ಷ ಖಾಸಗಿ ಸಾಲ್ಯಾಗ ಟೀಚರ್ ಇದ್ದೆ."

"ಅಲ್ಲಿ ಯಾವ ಭಾಷಾದಾಗ ಪಾಠ ಮಾಡ್ತಿ?"

ತಲೆ ತಗ್ಗಿಸಿ ಕುಳಿತೆ. ಅಂಗಡಿಯಲ್ಲಿ ಫ್ಯಾನ್ ಗುಂಯ್ ಎನ್ನುತ್ತ ನಿಧಾನವಾಗಿ ತಿರುಗುತ್ತಿತ್ತು. ಸಣ್ಣಗೆ ತಂತಿಯ ವಾರ್ನಿಶ್ ಕಾದ ವಾಸನೆ. ಬಾಯಿ ತಡೆಯದೆ ಹೇಳಿಬಿಟ್ಟೆ: "ಆಪಾ, ಆ ಫ್ಯಾನ್ ಬಂದ್ ಮಾಡ್ರಿ. ಒಳಗ ವೈಂಡಿಂಗ್ ಕಾಯ್ಲಾಕತ್ತದ. ಇವತ್ತೋ ನಾಳಿಗೋ ಸುಡ್ತದ."

ಅವರು ಎದ್ದು ಫ್ಯಾನ್ ಆರಿಸಿದರು. ಕನ್ನಡಕ ಮೇಲೆ ಸರಿಸಿ ನನ್ನನ್ನು ನೋಡಿದರು. "ಕುಂತಲ್ಲಿಂದೇ ನಿನಗ ಹ್ಯಾಂಗ ಗೊತ್ತಾಯ್ತು?"

ಆಗ ಅಪ್ಪನ ಅಂಗಡಿ, ನಾನು ಮಾಡುವ ಕೆಲಸ ಎಲ್ಲ ಹೇಳಿದೆ. ಮಾತು ಮುಗಿಯುವ ಮೊದಲೇ ಅವರು ಪರದೆಯ ಕಡೆ ಬೆರಳು ತೋರಿಸಿದರು.

"ಅದು ಇದರಾಗ ಎಲ್ಲಿ ಅದ?"

"ಅದಕ್ಕ ಸರ್ಟಿಫಿಕೇಟ್ ಇಲ್ಲರಿ ಆಪಾ. ಮತ್ತ ನಮ್ಮ ಕಡಿ ಅದು ಗಂಡಸರ ಕೆಲಸ. ಹೆಣ್ಮಕ್ಕಳ ಬಯೋಡೇಟಾದಾಗ ಚಂದ ಕಾಣಲ್ಲ ಅಂತ ಬರೀಲಿಲ್ಲ."

"ಮೋಟಾರ್ ಫ್ಯಾಕ್ಟರಿಗಿ ಕಳ್ಸೋ ಹಾಳ್ಯಾಗ ಮೋಟಾರೇ ಇಲ್ಲ" ಎಂದು ಅವರು ನಕ್ಕರು. ನಕ್ಕು, ಇದ್ದದ್ದನ್ನೆಲ್ಲ ಒಂದೇ ಸಲ ಅಳಿಸಿಬಿಟ್ಟರು. ಖಾಲಿ ಪರದೆ ನೋಡಿ ನನಗೆ ಒಂದು ಕ್ಷಣ ಗಾಬರಿಯಾಯಿತು. ಆಮೇಲೆ ಏನೋ ಹಗುರವೆನಿಸಿತು.

ಗಿರಾಕಿಗಳು ಬಂದರು, ಹೋದರು. ಅವರು ನಡುನಡುವೆ ಝೆರಾಕ್ಸ್ ತೆಗೆದುಕೊಡುತ್ತ ನನ್ನನ್ನು ಒಂದೊಂದೇ ಕೇಳಿದರು. ಯಾವ ಯಾವ ಮೋಟಾರ್ ಕಟ್ಟಿದ್ದಿ? ಬೋರಿನದು, ಬಾವಿಯದು, ಹಿಟ್ಟಿನ ಗಿರಣಿಯದು, ಫ್ಯಾನು, ಮಿಕ್ಸರು. ಮೊದಲಿನಿಂದ ಕೊನೆತನಕ ಒಬ್ಬಳೇ ಮಾಡುತ್ತೀಯೋ, ಅಪ್ಪ ಜೊತೆಗಿರಬೇಕೋ? ಒಬ್ಬಳೇ. ನಕ್ಷೆ ಓದಲು ಬರುತ್ತದೋ? ಬರುತ್ತದೆ. "ಹಂಗಾದ್ರ ಅದೂ ಒಂದು ಭಾಷಾನೇ" ಎಂದು ಅದನ್ನೂ ಸೇರಿಸಿದರು. ಕೆಲಸವನ್ನು ಎಲ್ಲಕ್ಕಿಂತ ಮೇಲೆ ಇಟ್ಟರು, ಬಿ.ಎ. ಕೆಳಗಿಳಿಯಿತು. ಪುಸ್ತಕ ಓದುವುದು, ಟಿ.ವಿ. ನೋಡುವುದು ಎಂಬ ನನ್ನ ಹವ್ಯಾಸಗಳು ಪೂರಾ ಹೋದವು.

ಭಾಷೆಯ ವಿಷಯ ಬಂದಾಗ ನಾನೊಂದು ಉಪಾಯ ಹೇಳಿದೆ. "ಆಪಾ, ಕಂಪ್ಯೂಟರಿನಾಗ ಹಾಕಿ ಎಲ್ಲಾ ಪೋಲಿಷ್‌ಗಿ ತರ್ಜುಮಾ ಮಾಡಿ ಕಳ್ಸಾಮೇನ್ರಿ? ಅವರಿಗಿ ಖುಷಿ ಆಗ್ತದ."

"ಆಗ್ತದ. ಖುಷಿ ಆಗಿ ಅದೇ ಭಾಷಾದಾಗ ಫೋನ್ ಮಾಡ್ತಾರ. ಏನಂತ ಮಾತಾಡ್ತಿ?"

ಅವರು ಬರೆದದ್ದು ಹೀಗೆ: ಪೋಲಿಷ್ ಬರುವುದಿಲ್ಲ, ಕಲಿಯಲು ತಯಾರಿದ್ದೇನೆ. ಇಂಗ್ಲಿಷ್ ಓದಲು ಬರೆಯಲು ಬರುತ್ತದೆ, ಮಾತು ನಿಧಾನ. ಕೆಲಸದಲ್ಲಿ ದಿನವೂ ಬಳಸುವುದು ಕನ್ನಡ, ಮರಾಠಿ, ಹಿಂದಿ; ತೆಲುಗು ಕೇಳಿದರೆ ತಿಳಿಯುತ್ತದೆ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಬರೆಯೋಣವೇ ಎಂದು ಕೇಳಿದೆ. "ಬ್ಯಾಡ. ಬರಲ್ಲ ಅಂತ ಒಂದು ಮಾತು ಖರೇ ಹೇಳಿದ್ರ, ಬರ್ತದ ಅಂತ ಹೇಳಿದ್ದು ನಂಬ್ತಾರ" ಎಂದರು. ಗಡಿಯ ಕಡೆಯ ನಮಗೆ ಮನೆಗೊಂದು, ಸಂತೆಗೊಂದು ಭಾಷೆ ಇರುವುದು ನಾನು ಎಂದೂ ಎಣಿಕೆಗೆ ಹಿಡಿದಿರದ ಸಂಗತಿ. ಅದು ಅಲ್ಲಿ ಅಚ್ಚಾಗಿ ನಿಂತದ್ದು ನೋಡಿ ನನಗೇ ನನ್ನ ಮೇಲೆ ಸ್ವಲ್ಪ ಗೌರವ ಬಂತು.

ಕೊನೆಗೆ ಅವರೆಂದರು: "ಸರ್ಟಿಫಿಕೇಟ್ ಇಲ್ಲ ಅಂದ್ರ ಏನಾಯ್ತು, ನಿನಗ ಕೆಲಸ ಬರ್ತದಲ್ಲಾ. ಮೋಟಾರ್ ಕಟ್ಟೋದು ವಿಡಿಯೊ ತೆಗೆದು ಜೊತಿಗಿ ಕಳ್ಸು. ಮುಖಕ್ಕಿಂತ ಕೈ ಕಾಣೋ ಹಂಗ ತೆಗಿ."

ಮರುದಿನ ಅಪ್ಪನ ಅಂಗಡಿಯಲ್ಲಿ ಅವ್ವ ಫೋನು ಹಿಡಿದು ನಿಂತಳು, ನಾನು ಒಂದು ಮೋಟಾರ್ ಕಟ್ಟಿದೆ. ಅಪ್ಪ ನಡುವೆ ಒಮ್ಮೆ ಕೆಮ್ಮಿದ್ದೂ ಅದರಲ್ಲಿ ಸೇರಿಕೊಂಡಿತು. ಹಾಗೆಯೇ ಕಳಿಸಿದೆ.

ಮರುವಾರವೇ ಉತ್ತರ ಬಂತು. ನಾನು ಅದನ್ನು ಎಷ್ಟು ಸಲ ಓದಿದೆನೋ. ವಿಡಿಯೊ ನೋಡಿದೆವು, ಶುಕ್ರವಾರ ಮಧ್ಯಾಹ್ನ ವಿಡಿಯೊ ಕರೆಯಲ್ಲಿ ಮಾತಾಡೋಣ, ತಂತಿ ಸುತ್ತದ ಒಂದು ಸ್ಟೇಟರ್ ಮತ್ತು ನಿಮ್ಮ ಸಲಕರಣೆ ಎದುರಿಗಿಟ್ಟುಕೊಂಡು ಕೂತಿರಿ ಎಂದಿತ್ತು. ಸ್ಟೇಟರ್ ಎಂದರೆ ಮೋಟಾರಿನೊಳಗೆ ತಂತಿ ಕೂರಿಸುವ ಕಬ್ಬಿಣದ ಬಳೆಯಂಥ ಭಾಗ. ಭಾಲ್ಕಿಯಲ್ಲಿ ಇಂಟರ್‌ನೆಟ್ ನೆಚ್ಚುವಂತಿರಲಿಲ್ಲ. ರೆಹಾನಾ ಆಪಾ ಅವರಿಗೆ ಫೋನು ಮಾಡಿದೆ. "ನನ್ನ ಅಂಗಡಿಗಿ ಬಾ. ಆ ಹೊತ್ತಿಗಿ ಶಟರ್ ಅರ್ಧ ಎಳೀತೇನಿ, ಯಾರೂ ಬರಲ್ಲ" ಎಂದರು.

ಶುಕ್ರವಾರ ಅಪ್ಪ ನಾನು ಇಬ್ಬರೂ ಹೊರಟೆವು. ಸ್ಟೇಟರ್ ನನ್ನ ತೊಡೆಯ ಮೇಲೆ, ತಂತಿಯ ಸುರುಳಿ ಮತ್ತು ಸಲಕರಣೆಯ ಚೀಲ ಅಪ್ಪನ ಕೈಯಲ್ಲಿ. ಬೇಗನೇ ಹೊರಟಿದ್ದೆವು. ಆದರೆ ಹಲಬರ್ಗಾ ದಾಟಿದ ಸ್ವಲ್ಪ ಹೊತ್ತಿಗೆ ಬಸ್ಸು ಹೊಗೆ ಉಗುಳಿ ನಿಂತಿತು. ರೇಡಿಯೇಟರಿಗೆ ನೀರು ಬೇಕು ಎಂದ ಡ್ರೈವರ್. ಆ ಬೇಸಿಗೆಯಲ್ಲಿ, ಆ ಬಯಲಿನಲ್ಲಿ, ನೀರು ಎಲ್ಲಿಂದ ತರುವುದು? ಪ್ರಯಾಣಿಕರೆಲ್ಲ ಇಳಿದು ಜಾಲಿ ಗಿಡದ ನೆರಳಿಗೆ ಹೋದರು. ನಾನು ರಸ್ತೆಯ ನಡುವೆಯೇ ನಿಂತು ಬರುವ ಗಾಡಿಗಳಿಗೆಲ್ಲ ಕೈ ಅಡ್ಡ ಹಿಡಿಯತೊಡಗಿದೆ. ಒಂದು ಕಾರು ನಿಲ್ಲಲಿಲ್ಲ. ಒಂದು ಜೀಪು ತುಂಬಿ ತುಳುಕುತ್ತಿತ್ತು. ಆಮೇಲೆ ಬಂದದ್ದು ನೀರಿನ ಟ್ಯಾಂಕರ್. ಹಳ್ಳಿಗಳಿಗೆ ನೀರು ಹಾಕಿ, ಮತ್ತೆ ತುಂಬಿಕೊಳ್ಳಲು ಬೀದರಿಗೆ ಖಾಲಿ ಹೊರಟಿತ್ತು.

ಅದರ ಡ್ರೈವರ್ ತಲೆಗೆ ಟವೆಲ್ ಸುತ್ತಿಕೊಂಡವನು, ಕಿಟಕಿಯಿಂದ ಬಗ್ಗಿ ಕೇಳಿದ: "ಎಲ್ಲಿಗಿ ಹೊಂಟೀರಿ ಕಾಕಾ?"

"ನೌಬಾದಕ್ಕಪಾ. ಮಗಳದು ಮುಲಾಖತ್ ಅದ, ಪರದೇಶದ ಕೆಲಸದ್ದು" ಎಂದರು ಅಪ್ಪ.

ಅವನು ನನ್ನ ಎದೆಗವಚಿದ ಸ್ಟೇಟರ್ ನೋಡಿದ. "ಮುಲಾಖತ್ತಿಗಿ ಮೋಟಾರ್ ಹೊತ್ಗೊಂಡು ಹೋಗೋರನ್ನ ಇವತ್ತೇ ನೋಡಿದೆ. ಹತ್ರಿ ಜಲ್ದಿ."

ಖಾಲಿ ಟ್ಯಾಂಕರ್ ಓಡುವಾಗ ಎಷ್ಟು ಸದ್ದು ಮಾಡುತ್ತದೆಂದು ಕೂತವರಿಗೇ ಗೊತ್ತು. ಗುಡುಗಿನ ಒಳಗೆ ಕುಳಿತಂತಿತ್ತು. ಅವನು ಹಾರ್ನ್ ಒತ್ತುತ್ತ, ಎದುರಿನ ಲಾರಿಗಳನ್ನು ಸರಿಸುತ್ತ, ನಡುನಡುವೆ ನಮ್ಮ ಕಡೆ ತಿರುಗಿ "ಹೆದರಬ್ಯಾಡ ತಂಗಿ, ಮುಟ್ಟಸ್ತೇನಿ" ಎಂದು ಕೂಗುತ್ತ ಓಡಿಸಿದ. ಅವನು ಹಾಗೆ ತಿರುಗಿದಾಗಲೇ ನನಗೆ ಹೆಚ್ಚು ಹೆದರಿಕೆಯಾಗುತ್ತಿತ್ತು. ಬಿಸಿಗಾಳಿ ಮುಖಕ್ಕೆ ರಾಚುತ್ತಿತ್ತು, ಮನಸ್ಸಿನಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಹೊಂದಿಸಿಕೊಳ್ಳುತ್ತಿದ್ದೆ, ಒಂದೊಂದು ಗುಂಡಿಗೆ ಒಂದೊಂದು ವಾಕ್ಯ ಉದುರಿ ಹೋಗುತ್ತಿತ್ತು. ಆದರೂ ಹೇಳುತ್ತೇನೆ, ಅಂಥ ಖುಷಿಯ ಪ್ರಯಾಣ ನಾನು ಆಮೇಲೆ ವಿಮಾನದಲ್ಲೂ ಮಾಡಿಲ್ಲ.

ಅಂಗಡಿಯ ಎದುರಿಗೇ ಇಳಿಸಿದ. ಅಪ್ಪ ಕೈಮುಗಿಯುವಷ್ಟರಲ್ಲಿ ಟ್ಯಾಂಕರ್ ಮುಂದೆ ಹೋಗಿತ್ತು. ಅವನ ಹೆಸರೂ ನಾವು ಕೇಳಲಿಲ್ಲ.

ರೆಹಾನಾ ಆಪಾ ಟೇಬಲ್ ಖಾಲಿ ಮಾಡಿ, ಕ್ಯಾಮೆರಾ ನನ್ನ ಕೈಗೆ ನೇರವಾಗುವಂತೆ ಬಗ್ಗಿಸಿ ಇಟ್ಟಿದ್ದರು. ಮುಖ ತೊಳೆದು ಬಂದು ಕೂರುವುದಕ್ಕೂ ಕರೆ ಬರುವುದಕ್ಕೂ ಸರಿಹೋಯಿತು. ಪರದೆಯಲ್ಲಿ ಇಬ್ಬರು. ಒಬ್ಬ ಯುವಕ, ಇಂಗ್ಲಿಷ್ ಮಾತಾಡುವವನು, ಪೋಲಿಷ್‌ನಿಂದ ಇಂಗ್ಲಿಷ್‌ಗೆ ಹೇಳಲು ಕೂತಿದ್ದ. ಇನ್ನೊಬ್ಬರು ಬಿಳಿಗೂದಲಿನ, ನೀಲಿ ಏಪ್ರನ್ ತೊಟ್ಟ ಹೆಂಗಸು. ಅವರ ಹೆಸರು ಹಲೀನಾ, ವೈಂಡಿಂಗ್ ವಿಭಾಗದ ಮುಖ್ಯಸ್ಥೆ, ಅವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಯುವಕ ಪರಿಚಯ ಮಾಡಿಸಿದ.

ಅವನು ಕೇಳಿದ ಮೊದಲ ಪ್ರಶ್ನೆಗೇ ನಾನು ತೊದಲಿದೆ. ಎರಡನೆಯದು ಅರ್ಥವೇ ಆಗಲಿಲ್ಲ. ಅವನ ಇಂಗ್ಲಿಷ್ ಉಚ್ಚಾರ ಬೇರೆ, ನನ್ನದು ಬೇರೆ. ಹಲೀನಾ ಮಾತ್ರ ನಮ್ಮಿಬ್ಬರ ಮಾತಿನ ಕಡೆ ಗಮನವೇ ಇಲ್ಲದಂತೆ ನನ್ನ ಮುಂದಿನ ಸಲಕರಣೆಗಳನ್ನು ನೋಡುತ್ತಿದ್ದರು. ಆಗಲೇ ಅಂಗಡಿಯ ದೀಪ ಆರಿತು. ಕರೆಂಟು ಹೋಗಿತ್ತು.

ಯು.ಪಿ.ಎಸ್. ಪೆಟ್ಟಿಗೆ ಟೀಂ ಟೀಂ ಎನ್ನತೊಡಗಿತು. ಇಂಟರ್‌ನೆಟ್ ಕುಂಟತೊಡಗಿ ಚಿತ್ರ ಉಳಿಯಿತು, ದನಿ ಹೋಯಿತು. ಯುವಕನ ಬಾಯಿ ಆಡುತ್ತಿದೆ, ಏನೂ ಕೇಳುತ್ತಿಲ್ಲ. ಅವನು ಹೆಡ್‌ಫೋನ್ ತೆಗೆದ, ಹಾಕಿದ, ಕಿವಿ ತೋರಿಸಿದ, ಎದ್ದು ಹೋದ. ಯಾರನ್ನೋ ಕರೆತರಲು ಹೋಗಿರಬೇಕು.

"ಆಪಾ, ಈ ಯು.ಪಿ.ಎಸ್. ಎಷ್ಟೊತ್ತು ತಡೀತದರಿ?" ಎಂದು ಪರದೆಯಿಂದ ಕಣ್ಣು ತೆಗೆಯದೆ ಕೇಳಿದೆ.

"ಹಳೀದದ, ಬೇಟಾ. ಹೇಳಾಕ ಬರಲ್ಲ. ನೀ ಸುಮ್ನ ಕುಂದ್ರಬ್ಯಾಡ. ಕೈ ಆಡಿಸು" ಎಂದರು.

ಪರದೆಯಲ್ಲಿ ನಾನು ಮತ್ತು ಹಲೀನಾ ಇಬ್ಬರೇ. ನಾನು ಸ್ಟೇಟರ್ ಎತ್ತಿ ತೋರಿಸಿ, ಮಾಡಲೇ ಎಂಬಂತೆ ಹುಬ್ಬೇರಿಸಿದೆ. ಅವರು ಕೈ ಮುಂದೆ ಚಾಚಿ ಮಾಡು ಎಂದರು. ಅಷ್ಟೇ. ಆಮೇಲೆ ನನ್ನ ತಲೆಯಲ್ಲಿದ್ದ ಇಂಗ್ಲಿಷ್ ಎಲ್ಲ ಇಳಿದುಹೋಗಿ, ತಂತಿಯೊಂದೇ ಉಳಿಯಿತು.

ತಂತಿ ಕಬ್ಬಿಣಕ್ಕೆ ತಾಗದಂತೆ ಸಂದುಗಳಿಗೆ ಕಾಗದ ಕೂರಿಸಿದೆ. ಅವರು ಕಿರುಬೆರಳು ಎತ್ತಿ, ಅಂಚು ಹೊರಗೆ ಬರಲಿ ಎಂಬಂತೆ ತೋರಿಸಿದರು. ನಾನು ಸ್ಟೇಟರನ್ನು ಕ್ಯಾಮೆರಾದ ಹತ್ತಿರ ಒಯ್ದು, ಬಂದಿದೆ ನೋಡಿರಿ ಎಂದು ತೋರಿಸಿದೆ. ತಲೆ ಆಡಿಸಿದರು. ಸುತ್ತಿ ತಂದಿದ್ದ ಸುರುಳಿ ಎತ್ತಿಕೊಂಡು ಒಂದೊಂದೇ ಎಳೆ ಒಳಗೆ ಇಳಿಸತೊಡಗಿದೆ. ಅವರು ಮುಂದಕ್ಕೆ ಬಾಗಿದರು, ಅವರ ಮುಖ ಪರದೆಯ ತುಂಬ ಬಂತು. ಪಕ್ಕದಲ್ಲಿ ಅಪ್ಪನ ಉಸಿರು ಜೋರಾಗಿ ಕೇಳುತ್ತಿತ್ತು. ಒಂದು ಎಳೆ ಸಿಕ್ಕಿಕೊಂಡಾಗ ಅಪ್ಪನ ಕೈ ತಾನಾಗಿ ನನ್ನ ಕಡೆ ಬಂತು. ರೆಹಾನಾ ಆಪಾ ಅಪ್ಪನ ತೋಳು ಹಿಡಿದು ಮೆಲ್ಲಗೆ ಹಿಂದೆ ಎಳೆದರು. "ಅಣ್ಣಾರ, ಹೊರಗ ಬರ್ರಿ, ಚಾ ಕುಡ್ಯಾಮು. ಇಕಿ ಮಾಡ್ತಾಳ."

ಸುರುಳಿ ಕೂತಿತು. ಯು.ಪಿ.ಎಸ್. ಈಗ ಬಿಡದೆ ಕೂಗುತ್ತಿತ್ತು. ಹಲೀನಾ ಕೈ ಎತ್ತಿ ಸಾಕು ಎಂದರು. ಮೇಜಿನ ಕೆಳಗಿನಿಂದ ತಮ್ಮದೊಂದು ಸ್ಟೇಟರ್ ಎತ್ತಿ ಕ್ಯಾಮೆರಾಗೆ ಹಿಡಿದರು. ನಾಲ್ಕು ಸುರುಳಿ, ಒಂದಕ್ಕೊಂದು ಜೋಡಿಸಿದ ತುದಿಗಳು, ಅವುಗಳಿಗೆ ಕೆಂಪು ಮತ್ತು ಬಿಳಿ ಹೊದಿಕೆ. ತೋರುಬೆರಳಿನಿಂದ ಸುತ್ತಲೂ ತೋರಿಸಿ ಹುಬ್ಬು ಗಂಟಿಕ್ಕಿದರು. ಇದರಲ್ಲೇನೋ ತಪ್ಪಿದೆ, ಹುಡುಕು ಎಂದು ನನಗೆ ತಿಳಿಯಿತು.

ನಾನು ಪರದೆಗೆ ಮೂಗು ತಾಗುವಂತೆ ಬಾಗಿದೆ. ಚಿತ್ರ ಒಮ್ಮೆ ಒಡೆದು ಮತ್ತೆ ಕೂಡಿತು. ಅಂಥ ಮೋಟಾರಿನಲ್ಲಿ ಒಂದು ಸುರುಳಿಯಲ್ಲಿ ಕರೆಂಟು ಬಲಕ್ಕೆ ಸುತ್ತಿದರೆ ಮುಂದಿನದರಲ್ಲಿ ಎಡಕ್ಕೆ ಸುತ್ತಬೇಕು. ಕಣ್ಣಿನಲ್ಲೇ ತಂತಿಯ ದಾರಿ ಹಿಡಿದು ಹೋದೆ. ಮೊದಲನೆಯದು ಸರಿ, ಎರಡನೆಯದು ಸರಿ, ಮೂರನೆಯದೂ ಸರಿ. ನಾಲ್ಕನೆಯದರ ತುದಿಗಳು ಅದಲು ಬದಲಾಗಿದ್ದವು. ಹೇಳುವುದು ಹೇಗೆ? ಬೆರಳು ಎತ್ತಿ ಗಾಳಿಯಲ್ಲಿ ಬಲಕ್ಕೊಂದು ಸುತ್ತು ಹಾಕಿದೆ. ಆಮೇಲೆ ಎಡಕ್ಕೆ. ಮತ್ತೆ ಬಲಕ್ಕೆ. ನಾಲ್ಕನೆಯ ಸಲವೂ ಬಲಕ್ಕೇ ಸುತ್ತಿ, ಜೋರಾಗಿ ತಲೆ ಅಡ್ಡ ಆಡಿಸಿ, ಎರಡು ಬೆರಳು ಕತ್ತರಿಯಂತೆ ಅಡ್ಡ ಹಾಕಿ ತುದಿ ಬದಲಿಸಬೇಕೆಂದು ತೋರಿಸಿದೆ.

ಹಲೀನಾ ನನ್ನನ್ನೇ ನೋಡಿದರು. ಆಮೇಲೆ ಸ್ಟೇಟರ್ ಕೆಳಗಿಟ್ಟು ತಮ್ಮ ಎರಡೂ ಕೈಗಳ ಬೆರಳ ತುದಿಗಳನ್ನು ಕ್ಯಾಮೆರಾದ ಹತ್ತಿರ ತಂದರು. ತಂತಿ ಎಳೆದೂ ಎಳೆದೂ ಗಟ್ಟಿಯಾದ, ಅಲ್ಲಲ್ಲಿ ಗೀರು ಬಿದ್ದ ತುದಿಗಳು. ನಾನು ನನ್ನವನ್ನು ಹತ್ತಿರ ತಂದೆ. ಅವರು ಬಾಯಿ ತೆರೆದು ನಕ್ಕದ್ದು ನೋಡಿದೆ. ಪರದೆ ಕಪ್ಪಾಯಿತು.

ಕರೆಂಟು ಆ ದಿನ ಸಂಜೆತನಕ ಬರಲಿಲ್ಲ. ನಾನು ನಗುತ್ತಿದ್ದೇನೋ ಅಳುತ್ತಿದ್ದೇನೋ ನನಗೆ ಗೊತ್ತಿಲ್ಲ. ಶಟರಿನ ಕೆಳಗಿನಿಂದ ಅಪ್ಪ ಬಗ್ಗಿ ಒಳಗೆ ಬಂದು ಕೇಳಿದರು: "ಏನಂದ್ರು?"

"ಏನೂ ಅನ್ನಲಿಲ್ಲರಿ ಅಪ್ಪಾ. ದನಿನೇ ಬರಲಿಲ್ಲ."

"ಮತ್ತ?"

"ಆದ್ರ ಮಾತಾಡಿದೆವು."

ಅಪ್ಪನಿಗೆ ಏನೂ ತಿಳಿಯಲಿಲ್ಲ. ಹಿಂದೆಯೇ ಬಂದ ರೆಹಾನಾ ಆಪಾ ಅವರಿಗೆ ತಿಳಿಯಿತು. ನನ್ನ ತಲೆಯ ಮೇಲೆ ಕೈಯಿಟ್ಟು, "ಇವತ್ತು ಆಗಿದ್ದು ಹಿಂಗಹಿಂಗ ಅಂತ ಇವತ್ತೇ ಒಂದು ಮೇಲ್ ಬರಿ. ಕರೆಂಟ್ ಹೋಯ್ತು, ಮತ್ತ ಮಾತಾಡಾಕ ತಯಾರ್ ಇದೀನಿ ಅಂತ" ಎಂದರು. ಫೋನಿನಲ್ಲೇ ಬರೆದೆ.

ಆಮೇಲಿನ ದಿನಗಳು ಬಲು ನಿಧಾನ. ಫೋನು ಸದ್ದು ಮಾಡಿದರೆ ಕೈಯಲ್ಲಿದ್ದದ್ದು ಬಿಟ್ಟು ಓಡುತ್ತಿದ್ದೆ. ಅಷ್ಟರಲ್ಲಿ ಮಿರಗ ಬಂತು, ಆ ವರ್ಷ ಸುಳ್ಳಾಡಲಿಲ್ಲ. ಎರಡು ದೊಡ್ಡ ಮಳೆ ಬಿದ್ದದ್ದೇ ತಡ ರೈತರು ಎತ್ತಿಟ್ಟ ಮೋಟಾರುಗಳನ್ನು ಹೊರಗೆ ತೆಗೆದರು. ಡಾಬಕಾದಿಂದ ಮಂಗಲಾಳ ತಂದೆ ಅಪ್ಪನನ್ನು ಕರೆದರು. ಮೋಟಾರ್ ಪರೀಕ್ಷೆ ಮಾಡಿ ಬಾವಿಗೆ ಇಳಿಸಿ ಕೊಡಬೇಕೆಂದು. ನಾನೂ ಹೋದೆ. ಡಾಬಕಾ ಮಹಾರಾಷ್ಟ್ರದ ಗಡಿಗೆ ಅಂಟಿದ ಊರು. ಹೊಲದಲ್ಲಿ ನಾಲ್ಕು ಹೆಜ್ಜೆ ಅತ್ತ ಹೋದರೆ ಫೋನು ಟಣ್ ಎಂದು ಮಹಾರಾಷ್ಟ್ರಕ್ಕೆ ಸ್ವಾಗತ ಎನ್ನುತ್ತದೆ. ಇತ್ತ ಬಂದರೆ ಕರ್ನಾಟಕಕ್ಕೆ ಸ್ವಾಗತ. ಆ ದಿನ ಬೆಳಗಿನಿಂದ ಹಾಗೆ ಟಣ್ ಟಣ್ ಎನ್ನುತ್ತಲೇ ಇತ್ತು, ನಾನು ನೋಡುವುದನ್ನೇ ಬಿಟ್ಟಿದ್ದೆ. ಹಗ್ಗ ಕಟ್ಟಿ ಮೋಟಾರ್ ಇಳಿಸಿಯಾದ ಮೇಲೆ ಕೈ ಒರೆಸಿಕೊಂಡು ಹೊತ್ತೆಷ್ಟಾಯಿತೆಂದು ನೋಡಲು ಫೋನು ತೆಗೆದೆ. ಸ್ವಾಗತಗಳ ನಡುವೆ ಒಂದು ಬೇರೆಯದೇ ಇತ್ತು.

ನಿಂತಲ್ಲೇ ಓದಿದೆ. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದೆ. ಕೆಲಸ ನಿಮ್ಮದು, ಪರವಾನಗಿಯ ಕಾಗದಗಳನ್ನು ನಾವು ಶುರು ಮಾಡುತ್ತೇವೆ ಎಂದಿತ್ತು. ಕೊನೆಯಲ್ಲಿ ಒಂದು ಸಾಲು: ನಿಮ್ಮೊಡನೆ ತಾನು ಸರಿಯಾಗಿ ಮಾತಾಡಿದ್ದೇನೆ, ಎರಡನೆಯ ಸಂದರ್ಶನ ಬೇಡ ಎಂದು ಹಲೀನಾ ಹೇಳಿದ್ದಾರೆ.

ಅಪ್ಪ ಸ್ವಿಚ್ಚಿನ ಪೆಟ್ಟಿಗೆಯ ಹತ್ತಿರ ನಿಂತಿದ್ದರು. ಫೋನು ಎತ್ತಿ ಹಿಡಿದೆ.

"ಕರ್ದಾರೇನು?" ಎಂದರು.

ತಲೆ ಆಡಿಸಿದೆ. ಅಪ್ಪ ಸ್ವಿಚ್ಚು ಒತ್ತಿದರು. ಮೋಟಾರ್ ಹೂಂ ಎಂದು ಹಿಡಿಯಿತು, ಪೈಪು ನಡುಗಿತು, ಮೊದಲು ಕೆಸರು, ಆಮೇಲೆ ತಿಳಿನೀರು ಬಂತು. ಮಂಗಲಾಳ ತಂದೆ ನೀರಿಗೆ ಕೈಮುಗಿಯುತ್ತಿದ್ದರೆ ಅಪ್ಪ ಅವರ ಕಡೆ ತಿರುಗಿ, ಮುಖದ ಮೇಲಿನದು ನೀರೋ ಏನೋ ಒರೆಸಿಕೊಳ್ಳುತ್ತ ಹೇಳಿದರು: "ಇನ್ನ ಮ್ಯಾಲ ಇಕಿ ಮೇಸ್ತ್ರಿರಿ, ನಾ ಹೆಲ್ಪರ್." ತಾರೀಫು ಮಾಡುವ ಜಾಯಮಾನದವರೇ ಅಲ್ಲ ನಮ್ಮಪ್ಪ. ನಾನು ಹೋಗಿ ಪೈಪಿನ ಕೆಳಗೆ ತಲೆ ಕೊಟ್ಟು ನಿಂತೆ.

ಅಪ್ಪ ಪುಣೆಗೆ ಹೋಗುವ ಮಾತು ಅಲ್ಲಿಗೇ ನಿಂತಿತು. ಮಳೆ ಬಂದದ್ದರಿಂದ ಅಂಗಡಿಗೂ ಕೆಲಸ ಬಂತು. ನಾನು ಹೊರಡುವ ಹೊತ್ತಿಗೆ ಚಳಿಗಾಲ. ನಮ್ಮ ಮನೆಯವರು ಹೋಗುವ ಬುದ್ಧವಿಹಾರದಲ್ಲಿ ದೀಪ ಹಚ್ಚಿ, ರೆಹಾನಾ ಆಪಾ ಅವರ ಮನೆಯಲ್ಲಿ ಊಟ ಮಾಡಿ ವಿಮಾನ ಹತ್ತಿದೆ.

ಕಾರ್ಖಾನೆಯ ಬಾಗಿಲಿಗೆ ಮೊದಲ ದಿನ ಮಂಗಲಾ ಬಿಟ್ಟುಹೋದಳು. ಸುತ್ತ ಹಿಮ, ಬೋರ್ಡಿನ ಒಂದು ಅಕ್ಷರವೂ ತಿಳಿಯದು. ಒಳಗಿನಿಂದ ನೀಲಿ ಏಪ್ರನ್ನಿನ ಹಲೀನಾ ಬಂದರು. ಪರದೆಯಲ್ಲಿ ಕಂಡದ್ದಕ್ಕಿಂತ ಗಿಡ್ಡ. ನನ್ನ ಭುಜ ಹಿಡಿದು ಉದ್ದಕ್ಕೆ ಏನೇನೋ ಹೇಳಿದರು, ಕೇಳಿದರು, ಮತ್ತೆ ಹೇಳಿದರು. ಅಂದು ಕೇಳಿಸದ ಅವರ ದನಿ ಮೊದಲ ಬಾರಿ ಕೇಳುತ್ತಿತ್ತು. ಒಂದು ಶಬ್ದವೂ ತಿಳಿಯಲಿಲ್ಲ. ನಾನು ಉಸಿರು ಎಳೆದುಕೊಂಡು, ನಮ್ಮ ಭಾಲ್ಕಿ ಕನ್ನಡದಲ್ಲೇ ಉತ್ತರ ಕೊಟ್ಟೆ. ಬಸ್ಸು ಕೆಟ್ಟದ್ದು, ಟ್ಯಾಂಕರಿನಲ್ಲಿ ಬಂದದ್ದು, ಪರದೆ ಕಪ್ಪಾದ ಮೇಲೆ ನಾನು ಅತ್ತದ್ದು, ಎಲ್ಲ ಹೇಳಿದೆ. ಅವರು ಗಂಭೀರವಾಗಿ ತಲೆ ಆಡಿಸುತ್ತ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಇಬ್ಬರಿಗೂ ಒಟ್ಟಿಗೇ ನಗು ಬಂತು.

ಈಗ ನನಗೆ ಆ ಭಾಷೆ ಸಂತೆಯಲ್ಲಿ ಜಗಳವಾಡುವಷ್ಟು ಬರುತ್ತದೆ. ಹಲೀನಾ ಜೊತೆ ಊಟದ ಹೊತ್ತಿನಲ್ಲಿ ಹಾಳುಹರಟೆ ಹೊಡೆಯುತ್ತೇನೆ. ಆದರೂ ಆ ಮೊದಲ ದಿನ ಹಿಮದಲ್ಲಿ ನಿಂತು ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಆಡಿದ ಮಾತಿನಷ್ಟು ಮನಸ್ಸು ತುಂಬಿ ನಾವು ಮತ್ತೆಂದೂ ಮಾತಾಡಿಲ್ಲ ಎಂದೇ ನನಗೆ ಅನ್ನಿಸುತ್ತದೆ.

— ಸುಜಾತಾ, ಭಾಲ್ಕಿ